ಕೊಬ್ಬರಿ ಸುಡುವ ಹದ

ಇಂಗಿನ ಡಬ್ಬಿಯ ಮುಚ್ಚಳ ತೆಗೆದು ತಂಗೆವ್ವ ಮೂಗನ್ನು ಹತ್ತಿರ ಒಯ್ದಳು. ಏನೂ ಬರಲಿಲ್ಲ. ಡಬ್ಬಿಯ ಅಂಚು ತುಟಿಗೆ ತಾಗುವಷ್ಟು ಹತ್ತಿರ ಹಿಡಿದು ಜೋರಾಗಿ ಉಸಿರೆಳೆದಳು. ಪುಡಿ ಗಂಟಲಿಗೆ ಸಿಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ವಾಸನೆ ಮಾತ್ರ ಬರಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಹಾಲು ತಳ ಹಿಡಿದಿತ್ತು. ಅವಳು ಒಲೆಯ ಎದುರಿಗೇ ನಿಂತು ಬದನೆಕಾಯಿ ಹೆಚ್ಚುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಕುಳಿತಿದ್ದ ಅತ್ತೆ ಕರೆವ್ವನೇ ಅಲ್ಲಿಂದ ಕೂಗಿದ್ದಳು: "ಹಾಲ ತಳಾ ಹತ್ತೇತಿ! ಒಲಿ ಮುಂದ ಯಾರೂ ಇಲ್ಲೇನ?"

ತಂಗೆವ್ವ ಗ್ಯಾಸು ಆರಿಸಿ ಪಾತ್ರೆ ಇಳಿಸಿದಳು. ತಳ ಕಪ್ಪಾಗಿತ್ತು. ಪಾತ್ರೆಯನ್ನು ಮುಖಕ್ಕೆ ಹಿಡಿದು ನೋಡಿದಳು. ಬಿಸಿ ತಾಗಿತು, ಅಷ್ಟೇ. ಆಮೇಲೆ ಇಂಗಿನ ಡಬ್ಬಿಗೆ ಕೈ ಹಾಕಿದ್ದಳು.

ದೀಪಾವಳಿ ಮುಗಿದ ಮೇಲೆ ಬೈಲಹೊಂಗಲದ ತುಂಬ ಜ್ವರ ಬಂದಿತ್ತು. ತಂಗೆವ್ವನೂ ಹಾಸಿಗೆ ಹಿಡಿದು ಎದ್ದಿದ್ದಳು. ಎದ್ದ ಮೇಲೆ ಊಟ ರುಚಿಸುತ್ತಿರಲಿಲ್ಲ. ಜ್ವರದ ಬಾಯಿ, ಸರಿಹೋಗುತ್ತದೆ ಅಂದುಕೊಂಡಿದ್ದಳು. ಈಗ ಹೊಸದೊಂದು ಸಂಗತಿ ಗೊತ್ತಾಗಿತ್ತು: ಕೆಟ್ಟದ್ದು ಬಾಯಲ್ಲ, ಮೂಗು.

ಆ ಮಧ್ಯಾಹ್ನ ಅವಳು ಮನೆಯನ್ನೆಲ್ಲ ಮೂಸಿದಳು. ಬೆಳ್ಳುಳ್ಳಿ ಜಜ್ಜಿ ನೋಡಿದಳು. ಗುರೆಳ್ಳು ಚಟ್ನಿಯ ಭರಣಿ, ದೇವರ ಜಗಲಿಯ ಕರ್ಪೂರ, ಹಿತ್ತಲಿನ ಸೀಮೆಎಣ್ಣೆ ಡಬ್ಬಿ, ಗೂಟಕ್ಕೆ ತೂಗುಹಾಕಿದ ಗಂಡನ ಅಂಗಿ. ಮೊದಮೊದಲು ಭಯವಾಗಿತ್ತು. ಆಮೇಲೆ ಭಯದ ಜೊತೆಗೇ ವಿಚಿತ್ರ ಕುತೂಹಲ ಹುಟ್ಟಿತು. ಕೊತ್ತಂಬರಿ ಸೊಪ್ಪನ್ನು ಅಗಿದರೆ ಹುಲ್ಲು. ಚಹಾ ಅಂದರೆ ಬಿಸಿ ಸಿಹಿ ನೀರು. ಬೆಲ್ಲ ಬರೀ ಸಿಹಿ; ಅದರೊಳಗೆ ಕಬ್ಬು ಇರಲಿಲ್ಲ, ಹೊಗೆ ಇರಲಿಲ್ಲ. ನಾಲಿಗೆಗೆ ಇಷ್ಟು ಕಡಿಮೆ ಗೊತ್ತಿದೆ ಎಂದು ಇಷ್ಟು ವರ್ಷ ಅಡುಗೆ ಮಾಡಿಯೂ ಅವಳಿಗೆ ತಿಳಿದಿರಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. "ಜ್ವರದಾಗ ನರಕ್ಕ ಪೆಟ್ಟ ಬಿದ್ದಿರತೈತ್ರಿ. ತಿರಗಿ ಬರಬಹುದು. ಬರದೇನೂ ಇರಬಹುದು. ಉಣ್ಣಾಕ ತಿನ್ನಾಕ ಏನೂ ತೊಂದ್ರಿ ಇಲ್ಲಲ್ಲ?" ಅಂದರು.

ತಂಗೆವ್ವ ಇಲ್ಲವೆಂದು ತಲೆಯಾಡಿಸಿ ಎದ್ದು ಬಂದಳು. ಮನೆಯಲ್ಲೂ ಹೇಳಲಿಲ್ಲ. ಗಂಡ ನೀಲಪ್ಪನಿಗೆ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಅವನಿಗೆ ಹೇಳಿದರೆ ಓಣಿಗೆಲ್ಲ ಹೇಳಿದಂತೆ. ಓಣಿಯಲ್ಲಿ ಅವಳಿಗೆ ಇದ್ದ ಹೆಸರೇ ಕಟ್ಟಿನ ಸಾರಿನದು. ಹೋಳಿಗೆಗೆಂದು ಬೇಯಿಸಿದ ಕಡಲೆಬೇಳೆಯ ನೀರು ಬಸಿದು, ಕೆಂಡದ ಮೇಲೆ ಸುಟ್ಟ ಒಣಕೊಬ್ಬರಿ, ಹುರಿದ ಮಸಾಲೆ, ಹುಣಸೆಹುಳಿ ಹಾಕಿ ಕುದಿಸುವ ಆ ಸಾರನ್ನು ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಆದರೆ ಹೋಳಿಗೆ ಬಿಟ್ಟು ಸಾರಿಗಾಗಿ ಜನ ಕೈ ಒಡ್ಡುತ್ತಿದ್ದದ್ದು ತಂಗೆವ್ವನ ಮನೆಯಲ್ಲಿ. ಮದುವೆ ಮನೆಗಳಲ್ಲಿ ದೊಡ್ಡ ಹಂಡೆಯ ಮುಂದೆ ಅವಳನ್ನೇ ನಿಲ್ಲಿಸುತ್ತಿದ್ದರು. ಕೊಬ್ಬರಿ ಎಷ್ಟು ಸುಡಬೇಕು ಎಂದು ಕೇಳಿದವರಿಗೆ ಅವಳು, "ಘಮ್ಮ ಅಂದಕೂಡ್ಲೆ ತಗೀಬೇಕವ್ವಾ" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಅವಳಿಗೂ ಬರುತ್ತಿರಲಿಲ್ಲ.

ಅಮಾವಾಸ್ಯೆಗೆ ಅಂದಾಜಿನ ಮೇಲೆ ಸಾರು ಮಾಡಿದಳು. ನೀಲಪ್ಪ ಒಂದು ತುತ್ತು ಕಲಸಿ, ಎರಡನೆಯದಕ್ಕೆ ಮಜ್ಜಿಗೆ ಹಾಕಿಸಿಕೊಂಡ. ಮಗಳು ಗಂಗಾ, "ಯವ್ವಾ, ಇವತ್ತ ಸಾರ ಹೊತ್ತೇತೇನ?" ಅಂದಳು. ಕರೆವ್ವ ಮಾತ್ರ ತಾಟು ಖಾಲಿ ಮಾಡಿ, ಕೈ ತೊಳೆದು, ಪಡಸಾಲೆಯ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಆ ಜಾಗಕ್ಕೆ ಒಂದು ಹಿನ್ನೆಲೆ ಇತ್ತು. ದೇಗಾಂವದಿಂದ ತಂಗೆವ್ವ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ಹಬ್ಬಕ್ಕೆ ಸಾರು ಮಾಡುವ ಪಾಳಿ ಅವಳಿಗೆ ಬಂದಿತ್ತು. ಉಂಡೆದ್ದ ಮಾವ ಬೀಗರ ಎದುರಿಗೇ, "ಇನ್ನ ಮ್ಯಾಲೆ ಸಾರ ಸೊಸೀನ ಮಾಡ್ಲಿ" ಅಂದುಬಿಟ್ಟಿದ್ದರು. ಕರೆವ್ವ ಮರುದಿನದಿಂದ ಒಲೆಯ ಹತ್ತಿರ ಬರಲಿಲ್ಲ. ಜಗಳವಾಡಲಿಲ್ಲ, ಮುಖ ಬಿಗಿಯಲಿಲ್ಲ. ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡಿದಳು, ಶೇಂಗಾ ಒಡೆದಳು, ಮೊಮ್ಮಗಳನ್ನು ಆಡಿಸಿದಳು. ಮಾವ ತೀರಿಕೊಂಡ ಮೇಲೂ ಅಡುಗೆಮನೆಯ ಹೊಸ್ತಿಲು ದಾಟಿ ಒಲೆಯ ಮುಂದೆ ಕೂರಲಿಲ್ಲ. ತಂಗೆವ್ವನೂ ಕರೆಯಲಿಲ್ಲ. ಕರೆಯದೆ ಇದ್ದದ್ದು ಒಂದು ವರ್ಷವಾಗಿ, ಹತ್ತಾಗಿ, ಆಮೇಲೆ ಕರೆಯುವುದೇ ಅಸಭ್ಯವೇನೋ ಅನ್ನುವಂತಾಗಿತ್ತು.

ಅಮಾವಾಸ್ಯೆಯ ಮರುವಾರ ಗಂಗಾಳ ಸಂಬಂಧ ಕೂಡಿ ಬಂತು. ಹುಡುಗ ಹೂಲಿಯವನು, ಸಂಜು ಅಂತ. ಸವದತ್ತಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದ. ನೋಡಿ ಹೋಗಿದ್ದರು, ಒಪ್ಪಿಗೆಯಾಗಿತ್ತು, ಗಂಗಾಳಿಗೂ ಮನಸ್ಸಿತ್ತು. ಇನ್ನು ಹಿರಿಯರು ಬಂದು ಮಾತು ಮುಗಿಸುವುದಿತ್ತು. ನೀಲಪ್ಪ ಅಂಗಡಿಯ ಫೋನಿನಲ್ಲಿ ಮಾತಾಡಿ ಬಂದವನು ಉಬ್ಬಿಹೋಗಿದ್ದ.

"ಅಡಗಿ ಏನ ಮಾಡಸೂದು ಅಂತ ಕೇಳಿದೆ. ಹುಡುಗನ ಅಜ್ಜಿ ಸೀತವ್ವ ಇದ್ದಾಳಲ್ಲ, ಆಕೀನ ಫೋನ್ ತಗೊಂಡ್ಲು. ಸಂಗೊಳ್ಳಿ ಮದುವ್ಯಾಗ ನಿನ್ನ ಸಾರ ಉಂಡಾಳಂತ. ಬ್ಯಾರೆ ಏನೂ ಬ್ಯಾಡ, ಹೋಳಿಗಿ ಕಟ್ಟಿನ ಸಾರ ಮಾಡ್ರಿ, ತಂಗೆವ್ವನ ಕೈಯಾಂದ ಇರ್ಲಿ ಅಂದ್ಲು!"

ತಂಗೆವ್ವ ನಕ್ಕಳು. ನಕ್ಕದ್ದು ತನಗೇ ಕೇಳಿಸಿತು.

ಬಾಜೂ ಮನೆಯ ಸುಗರಾಬಿ ಸುದ್ದಿ ಕೇಳಿ ಖುಷಿಪಟ್ಟಳು. ಅವಳ ಗಂಡ ಹಜರತಸಾಬ ಟೆಂಪೊ ಓಡಿಸುತ್ತಿದ್ದ. ಹುಬ್ಬಳ್ಳಿಯಿಂದ ಹೊಸ ಅತ್ತರು ತಂದಿದ್ದ. "ಗಂಗಾನ ನಿಶ್ಚಯಕ್ಕ ಹಚಗೋರಿ, ನೋಡ್ರಿ ಹೆಂಗೈತಿ," ಎಂದು ತಂಗೆವ್ವನ ಮುಂಗೈಗೆ ತಿಕ್ಕಿದಳು. ಇದಾದರೂ ಬಂದೀತೇ ಎಂದು ತಂಗೆವ್ವ ಮೂಗಿಗೆ ಹಿಡಿದಳು. ತಣ್ಣಗಿತ್ತು. "ಭಾಳ ಚಲೋ ಐತಿ," ಅಂದಳು. ಸುಗರಾಬಿ ಇನ್ನೊಂದು ಕೈಗೂ ಹಚ್ಚಿದಳು, ಸೆರಗಿಗೂ ಒರೆಸಿದಳು.

ಮನೆಗೆ ಬಂದವಳು ಅದನ್ನು ಮರೆತೇಬಿಟ್ಟಳು. ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಕೇರುತ್ತಿದ್ದ ಕರೆವ್ವನ ಪಕ್ಕ ಕುಳಿತು ಬೇಳೆ ಆರಿಸತೊಡಗಿದಳು. ಕರೆವ್ವನ ಕೈ ನಿಂತಿತು.

"ಮೈತುಂಬ ಅತ್ತರ ಸುರಕೊಂಡ ಬಂದೀಯಲ್ಲ, ತಲಿ ನೋಯೂದಿಲ್ಲೇನ ನಿನಗ?"

"ಹಾಂ? ಒಂದೀಟ ಹಚ್ಚಿದ್ಲು ಸುಗರಾಬಿ."

"ಒಂದೀಟಲ್ಲ ಅದು. ಬಾಗಲಾಗ ಬರೂಮುಂದನ ನನಗ ಬಡೀತು." ಕರೆವ್ವ ಮೊರದೊಳಗಿನ ಕಲ್ಲೊಂದನ್ನು ಹೆಕ್ಕಿ ಹೊರಗೆ ಎಸೆದಳು. ತಂಗೆವ್ವನ ಮುಖ ನೋಡದೆಯೇ ಹೇಳಿದಳು: "ನಿನ್ನ ಮೂಗ ಹೋಗೇತಿ."

ತಂಗೆವ್ವನಿಗೆ ಕೂಡಲೇ ಸುಳ್ಳು ಹೊಳೆಯಲಿಲ್ಲ. "ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕ? ಹಾಲ ಹೊತ್ತಿತು, ನಿನಗ ಗೊತ್ತಾಗಲಿಲ್ಲ. ಅಮಾಸಿಗೆ ಕೊಬ್ಬರಿ ಸುಟ್ಟ ಇದ್ದಲಿ ಮಾಡಿದಿ. ನೀ ಹಂಗ ಮಾಡಾಕಿ ಅಲ್ಲ."

"ಯಾರ ಮುಂದೂ ಅನಬ್ಯಾಡ್ರಿ ಅತ್ತಿ."

"ನಾ ಯಾಕ ಅನಲಿ," ಅಂದಳು ಕರೆವ್ವ. ಮತ್ತೆ ಜೋಳ ಕೇರತೊಡಗಿದಳು. ಸಹಾಯ ಮಾಡುತ್ತೇನೆ ಅನ್ನಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ.

ಬೀಗರು ಬರುವ ದಿನ ಬೆಳಿಗ್ಗೆ ಹಿತ್ತಲಿನ ಕಟ್ಟಿಗೆ ಒಲೆ ಹೊತ್ತಿಸಿದರು. ಗಂಗಾ ಹೂರಣ ರುಬ್ಬಿ ಉಂಡೆ ಕಟ್ಟಿದಳು. ಕಣ್ಣಿಗೆ ಕಾಣುವ ಕೆಲಸಗಳಲ್ಲಿ ತಂಗೆವ್ವನಿಗೆ ಅಂಜಿಕೆ ಇರಲಿಲ್ಲ. ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿ ಕಟ್ಟು ಬಸಿದಳು. ಹುಣಸೆ ನೆನೆಸಿದಳು. ಆಮೇಲೆ ಗಂಗಾಳನ್ನು ಸೀರೆ ಉಡಲು ಕಳಿಸಿ, ಕೊಬ್ಬರಿ ಬಟ್ಟಲನ್ನು ಚಿಮಟಿಗೆಯಲ್ಲಿ ಹಿಡಿದು ಕೆಂಡದ ಮುಂದೆ ಕುಳಿತಳು.

ಕೊಬ್ಬರಿಯ ಅಂಚಿಗೆ ಬೆಂಕಿ ಹತ್ತಿತು. ಎಣ್ಣೆ ಚಟಪಟ ಅಂದಿತು. ಅವಳು ತಟ್ಟನೆ ತೆಗೆದಳು. ಬೇಗ ತೆಗೆದೆ ಅನ್ನಿಸಿತು. ಮತ್ತೆ ಹಿಡಿದಳು. ಹೊಗೆ ಮುಖಕ್ಕೇ ಬಂತು. ಇಷ್ಟು ವರ್ಷ ಅವಳ ಕೈಯನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು ಆ ಹೊಗೆಯೊಳಗೇ ಇದೆ, ಅವಳಿಗೆ ಈಗ ಸಿಗುತ್ತಿಲ್ಲ. ಕೊಬ್ಬರಿಯನ್ನು ತಾಟಿನಲ್ಲಿ ಹಾಕಿ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಪಡಸಾಲೆಗೆ ಬಂದಳು.

ಕರೆವ್ವ ಇಳಕಲ್ ಸೀರೆಯುಟ್ಟು, ವಿಭೂತಿ ಹಚ್ಚಿಕೊಂಡು ಬೀಗರಿಗಾಗಿ ಕುಳಿತಿದ್ದಳು.

"ಅತ್ತಿ, ಒಲಿ ಮುಂದ ಬರ್ರಿ."

ಕರೆವ್ವ ತಲೆಯೆತ್ತಿದಳು. ಅವಳ ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ಸ್ವಲ್ಪ ಗಾಬರಿಯೇ ಇದ್ದಂತಿತ್ತು. "ನಾ ಬಂದ ಏನ ಮಾಡ್ಲಿ? ನಾ ಸಾರ ಮಾಡಿ ಯಾವ ಕಾಲ ಆತು."

"ಮಾಡಬ್ಯಾಡ್ರಿ. ಕುಂತ ಹೇಳ್ರಿ, ಸಾಕು. ನೀವ ಹೆಂಗ ಮಾಡತಿದ್ರಿ ಹಂಗ ಆಗ್ಲಿ."

"ಹಂಗ್ಯಾಕ ಆಗಬೇಕ? ಅವ್ರ ನಿನ್ನ ಸಾರ ಉಣ್ಣಾಕ ಬರಾಕತ್ತಾರ," ಅಂದಳು ಕರೆವ್ವ. ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

ತಂಗೆವ್ವ ಮಣೆ ಹಾಕಿದಳು. ಕರೆವ್ವ ಕುಳಿತು, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿಕೊಂಡಳು. ತಾಟಿನಲ್ಲಿದ್ದ ಕೊಬ್ಬರಿಯನ್ನು ದೂರ ಸರಿಸಿ, "ಇದು ಕೆಟ್ಟೈತಿ, ಬ್ಯಾರೆ ಹಿಡಿ," ಅಂದಳು.

ತಂಗೆವ್ವ ಹೊಸ ಬಟ್ಟಲು ಹಿಡಿದಳು. ಇಬ್ಬರೂ ಕೆಂಡವನ್ನೇ ನೋಡುತ್ತ ಕುಳಿತರು. ಕರೆವ್ವ ಕಣ್ಣು ಮುಚ್ಚಿದಳು. ಅವಳ ಮೂಗಿನ ಹೊಳ್ಳೆ ಅರಳಿ ಕೂಡುವುದನ್ನು ತಂಗೆವ್ವ ಓರೆಗಣ್ಣಿನಿಂದ ನೋಡಿದಳು.

"ಈಗ ಹಸೀದು ಹೋತು... ಎಣ್ಣಿ ಬಿಟ್ಟಿತು... ಹೊಳ್ಳಸು." ತಂಗೆವ್ವ ಹೊರಳಿಸಿದಳು. "ಹಾಂ. ನಾನಾಗಿದ್ರ ಈಗ ತಗೀತಿದ್ದೆ."

ತಂಗೆವ್ವ ಚಿಮಟಿಗೆ ಎತ್ತಹೋದಳು.

"ತಡಿ. ಅದು ನನ್ನ ಸಾರಿಗೆ. ನೀ ಇನ್ನೊಂದೀಟ ಬಿಡ್ತಿ. ಕಹಿ ಬರತೈತಿ ಅನ್ನೂಮಟಾ ಬಿಡ್ತಿ, ಕಹಿ ಬರೂದ್ರಾಗ ತಗೀತಿ." ಕರೆವ್ವನ ಕಣ್ಣು ಮುಚ್ಚಿಯೇ ಇತ್ತು. ಒಂದು ಕೈ ಗಾಳಿಯಲ್ಲಿ ನಿಂತಿತ್ತು. ಕೊಬ್ಬರಿಯಿಂದ ಎಣ್ಣೆಯ ಹನಿಯೊಂದು ಕೆಂಡಕ್ಕೆ ಬಿದ್ದು ಭುಗ್ಗೆಂದಿತು. "ಈಗ. ತಗಿ."

ತಂಗೆವ್ವ ತೆಗೆದಳು. ಕಪ್ಪು, ಆದರೆ ಅಂಚಿನಲ್ಲಿ ಕೆಂಪು ಉಳಿದಿತ್ತು. ಅವಳು ಕೊಬ್ಬರಿಯನ್ನು ನೋಡಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದಳು.

"ನಿಮಗ ಹೆಂಗ ಗೊತ್ತ ಇದು? ನೀವ ಒಳಗ ಬಂದ ನೋಡಿದವರೇ ಅಲ್ಲ."

"ನೋಡೂದ ಏನೈತಿ? ಪಡಸಾಲ್ಯಾಗ ಕುಂತ್ರೇನು, ಗಾಳಿ ಬರೂದಿಲ್ಲೇನ ಅಲ್ಲಿಗೆ?" ಕರೆವ್ವ ಕಣ್ಣು ತೆರೆದಳು. "ಜೀರಗಿ ನೀ ಕಡೀಕ ಹಾಕ್ತಿ. ಹವೀಜ ಹುರಿಯೂಮುಂದ ಒಂದ ಹನಿ ಎಣ್ಣಿ ಬಿಡ್ತಿ. ಸಿಟ್ಟ ಇದ್ದ ದಿನಾ ಲವಂಗ ಹೆಚ್ಚ ಬೀಳತಾವು. ಗಂಗಾ ಹುಟ್ಟಿದ ವರ್ಷ ಯಾಕೋ ಮೆಣಸ ಹಾಕೂದ ಬಿಟ್ಟಿದ್ದಿ, ಆಮ್ಯಾಲ ಮತ್ತ ಹಾಕಾಕ ಹತ್ತಿದಿ."

ಬಾಣಂತನದಲ್ಲಿ ಖಾರ ಒಗ್ಗದೆ ಮೆಣಸು ಬಿಟ್ಟದ್ದನ್ನು ತಂಗೆವ್ವನೇ ಮರೆತಿದ್ದಳು.

"ಯಾವತ್ತೂ ಒಂದ ಮಾತ ಅನ್ನಲಿಲ್ಲಲ್ಲ ಅತ್ತಿ. ಚಲೋ ಐತಿ ಅಂತನೂ ಇಲ್ಲ, ಕೆಟ್ಟೈತಿ ಅಂತನೂ ಇಲ್ಲ."

"ನೀ ಯಾವತ್ತ ಕೇಳಿದಿ?" ಅಂದಳು ಕರೆವ್ವ. ಒರಟಾಗಿ ಅಲ್ಲ, ನಿಜಕ್ಕೂ ನೆನಪು ಮಾಡಿಕೊಳ್ಳುವವಳಂತೆ. ಆಮೇಲೆ, "ಹವೀಜ ಹಾಕು. ಕೆಂಡ ಆರಾಕತ್ತೈತಿ," ಎಂದಳು. ತಂಗೆವ್ವ ಕೊತ್ತಂಬರಿ ಬೀಜವನ್ನು ಬಾಣಲೆಗೆ ಸುರಿದಳು.

ಸಾರು ಕುದಿಯಿತು. ಕರೆವ್ವ ಅಲ್ಲಿಯೇ ಕುಳಿತು, ಹುಳಿ ಬೆರೆತದ್ದನ್ನು, ಹಸಿ ಮಸಾಲೆ ಹೋದದ್ದನ್ನು ಹೇಳುತ್ತ ಹೋದಳು. ಉಪ್ಪು, ಬೆಲ್ಲ ತಂಗೆವ್ವನ ನಾಲಿಗೆಗೆ ಗೊತ್ತಾಗುತ್ತಿತ್ತು. ಸೀರೆಯುಟ್ಟು ಬಂದ ಗಂಗಾ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿ ಒಲೆಯ ಮುಂದೆ ಕುಳಿತದ್ದನ್ನು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ.

ಬೀಗರು ಜೀಪಿನಲ್ಲಿ ಬಂದರು. ಮಾತು ಮುಗಿಯಿತು, ಸಕ್ಕರೆ ಹಂಚಿದರು. ಊಟಕ್ಕೆ ಕುಳಿತಾಗ ಸೀತವ್ವ ಹೋಳಿಗೆಯನ್ನು ಪಕ್ಕಕ್ಕಿಟ್ಟು ಮೊದಲು ಸಾರು ಹಾಕಿಸಿಕೊಂಡಳು. ಕೈಯಲ್ಲಿ ಸಾರಿನ ಪಾತ್ರೆ ಹಿಡಿದ ತಂಗೆವ್ವ ಎದುರಿಗೇ ನಿಂತಿದ್ದಳು. ಮುದುಕಿ ಸೊರ್ ಎಂದು ಎಳೆದು, ಬೆರಳು ನೆಕ್ಕಿ, "ಇದಽ ನೋಡ. ಸಂಗೊಳ್ಳ್ಯಾಗ ಉಂಡಿದ್ದು ಇದಽ," ಅಂದಳು. ಮತ್ತೆ ಕೈ ಒಡ್ಡಿದಳು.

"ಮೂಗ ನಮ್ಮತ್ತೀದ್ರಿ," ಅಂದಳು ತಂಗೆವ್ವ.

ಯಾರಿಗೂ ಅರ್ಥವಾಗಲಿಲ್ಲ. ಏನೋ ಚೇಷ್ಟೆಯೆಂದು ಎಲ್ಲರೂ ನಕ್ಕರು. ತಂಗೆವ್ವ ನಗಲಿಲ್ಲ. ಜ್ವರ ಬಂದದ್ದು, ಮೂಗು ಹೋದದ್ದು, ಆ ಬೆಳಿಗ್ಗೆ ಒಲೆಯ ಮುಂದೆ ನಡೆದದ್ದು, ಎಲ್ಲವನ್ನೂ ಪಾತ್ರೆ ಹಿಡಿದು ನಿಂತೇ ಹೇಳಿದಳು. ನೀಲಪ್ಪ ತುತ್ತು ಬಾಯಲ್ಲಿಟ್ಟುಕೊಂಡು ಹೆಂಡತಿಯನ್ನೂ ತಾಯಿಯನ್ನೂ ನೋಡಿದ. ಸೀತವ್ವ ಕರೆವ್ವನ ಕಡೆ ತಿರುಗಿ, "ಚಲೋ ಮೂಗ ಬಿಡವಾ ನಿಂದು," ಅಂದಳು. ಕರೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ತಂಗೆವ್ವನ ಮೂಗು ಆ ತಿಂಗಳು ತಿರುಗಿ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಮದುವೆಯ ತಯಾರಿ ನಡೆದಿತ್ತು. ಒಂದು ಸೋಮವಾರ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಅವಳು ಕೇಳಿದಳು:

"ಅತ್ತಿ, ನಿಮ್ಮ ಸಾರ ಹೆಂಗಿರತಿತ್ತು? ನಾ ಒಮ್ಮೆನೂ ಉಂಡ ನೆನಪಿಲ್ಲ."

"ಈಗ ಉಂಡ ಏನ ಮಾಡ್ತಿ? ನಿನಗೇನ ತಿಳೀತೈತಿ?"

"ಉಪ್ಪ ಹುಳಿ ತಿಳೀತೈತ್ರಿ. ಉಳದದ್ದ ನೀವ ಹೇಳ್ರಿ."

ಕರೆವ್ವ ಎದ್ದು, ಕೇಳದೆಯೇ ಒಳಗೆ ಹೋಗಿ, ಮಸಾಲೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚತೊಡಗಿದಳು. ಯಾವುದು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಂಗೆವ್ವ ಬಾಗಿಲಿಗೆ ಒರಗಿ ನಿಂತು, ಹೇಳಿಕೊಡದೆ, ನೋಡುತ್ತಿದ್ದಳು.

ಅನ್ನ ಹಾಕಿ, ನಡುವೆ ಗುಳಿ ಮಾಡಿ, ಕರೆವ್ವ ತಾನೇ ಬಡಿಸಿದಳು. ತಂಗೆವ್ವ ಒಂದು ತುತ್ತು ಉಂಡಳು. ನಾಲಿಗೆಯ ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಗಂಟಲಲ್ಲಿ ತನ್ನದಲ್ಲದ ಒಂದು ಖಾರ.

"ಇದರಾಗ ಏನೋ ಐತಿ. ಏನ ಹಾಕೀರಿ?"

"ಮೂಗ ಬಂದ ಮ್ಯಾಲೆ ನೀನ ಹೇಳು," ಅಂದಳು ಕರೆವ್ವ. ಸೌಟು ತುಂಬಿ ಇನ್ನೊಮ್ಮೆ ಹಾಕಿದಳು. ಸಾರು ಗುಳಿ ತುಂಬಿ, ಅನ್ನದ ಒಡ್ಡು ಒಡೆದು, ತಾಟಿನ ಅಂಚಿನವರೆಗೆ ನಿಧಾನವಾಗಿ ಹರಿಯಿತು.