ಎಡಗಾಲಿನ ಪೆಡಲು

"ಏನ್ ಬೇಕವ್ವಾ, ಕುಕ್ಕರಿನ ರಬ್ಬರಾ?" ಎಂದು ಗುಜರಿ ಅಂಗಡಿಯ ಮಾರೇಶ್ ತಲೆಯೆತ್ತದೆಯೇ ಕೇಳಿದ.

"ಕುಕ್ಕರಿಂದಲ್ಲಪ್ಪ, ಕಾರಿಂದು," ಎಂದಳು ಬಸಲಿಂಗಮ್ಮ. "ಎಂಜಿನ್ನಿನ ಉಸಿರು ಎಳಕೊಂಡು ತಾನ ಕ್ಲಚ್ ಅದುಮೋ ಡಬ್ಬಿ ಇರ್ತೈತಲ್ಲ, ಅದು ಬೇಕು. ಕಾಲು ಇಲ್ದೋರ ಗಾಡಿಗೆ ಹಾಕಿರ್ತಾರಂತ. ನಮ್ಮದು ಹಳೇ ಅಂಬಾಸಿಡರು. ಅದಕ್ಕ ಹೊಂದಬೇಕು."

ಮಾರೇಶ್ ಈಗ ತಲೆಯೆತ್ತಿದ. ಎದುರಿಗೆ ನಿಂತವಳು ಐವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಬಟ್ಟೆಯ ಚೀಲ. ಚೀಲದಿಂದ ಅವಳು ಒಂದು ನೂಲು ತೆಗೆದಳು. ನೂಲಿಗೆ ಎರಡು ಗಂಟು ಹಾಕಿತ್ತು.

"ಈ ಗಂಟಿನಿಂದ ಈ ಗಂಟಿಗೆ ಪೆಡಲ್ ಹೋಗಬೇಕು. ಹೆಚ್ಚಾಗಬಾರ್ದು, ಕಡಿಮಿ ಆಗಬಾರ್ದು. ಇಷ್ಟುದ್ದ ಎಳಿಯೋ ಡಬ್ಬಿ ಐತೇನು ನೋಡಪ್ಪ."

ಆ ನೂಲು ಹಗರಿಬೊಮ್ಮನಹಳ್ಳಿಗೆ ಬರುವ ಮೊದಲು ಕೂಡ್ಲಿಗಿ ನೋಡಿತ್ತು, ಹರಪನಹಳ್ಳಿ ನೋಡಿತ್ತು, ಹಡಗಲಿಯನ್ನು ಎರಡು ಸಲ ನೋಡಿತ್ತು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಆದರೆ ಹೋದಲ್ಲೆಲ್ಲ ಮಂದಿಯ ನಗೆಯೂ ಅಷ್ಟೇ ಪುಕ್ಕಟೆ ಸಿಕ್ಕಿತ್ತು. ಹಡಗಲಿಯ ಒಂದು ಗ್ಯಾರೇಜಿನಲ್ಲಿ, "ಮನ್ಯಾಗ ಗಂಡಸರು ಯಾರೂ ಇಲ್ಲೇನಬೇ?" ಎಂದು ಒಬ್ಬ ಕೇಳಿದ್ದ. "ಅದಾನಪ್ಪ. ಅವನ ಸಲುವಾಗೇ ಬಂದೀನಿ," ಎಂದು ಹೇಳಿ ಹೊರಗೆ ಬಂದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅಳು ಬಂದದ್ದು ಮಾತಿಗಲ್ಲ. ಇವತ್ತೂ ಬರಿಗೈಲಿ ಹೋದರೆ ಗಂಡನ ಮುಖ ಹೇಗೆ ನೋಡಲಿ ಎಂಬ ದಿಗಿಲಿಗೆ.

ಗಂಡ ಪಕ್ಕೀರಪ್ಪ ಕೊಟ್ಟೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಅಂಬಾಸಿಡರ್ ಓಡಿಸಿದವನು. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ ಹಳೆಯ ಗಾಡಿ. ಜತೆಯವರೆಲ್ಲ ಹೊಸ ಹೊಸ ಗಾಡಿ ತಂದರೂ ಅವನು ಇದನ್ನು ಬಿಡಲಿಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆ ಕಾಲ್ಬೆರಳಿನಲ್ಲಿ ಹುಣ್ಣಾಗಿ ಶುರುವಾಗಿ, ದಾವಣಗೆರೆಯ ಆಸ್ಪತ್ರೆಯಲ್ಲಿ ಎಡಗಾಲನ್ನು ಅರ್ಧ ತೊಡೆಯವರೆಗೆ ತೆಗೆದುಕೊಂಡು ಹೋಯಿತು. ಶಿಬಿರದಲ್ಲಿ ಕೊಟ್ಟ ಕೃತಕ ಕಾಲು ಮನೆಯ ಮೂಲೆಯಲ್ಲಿ ನಿಂತಿದೆ. ಅದಕ್ಕೆ ನಿಲ್ಲುವುದು ಗೊತ್ತು, ಕ್ಲಚ್ ಅದುಮುವುದು ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟ ಬೇಡ, ಮಾತು ಬೇಡ, ಸೂಜಿಯಂತೂ ಬೇಡವೇ ಬೇಡ. "ಗಾಡಿ ನಿಂತ ಮ್ಯಾಲ ಡ್ರೈವರ್ ಇದ್ದು ಏನ್ ಮಾಡ್ತಾನ?" ಎಂದ ಒಂದು ದಿನ. ಹಾರಾಡಿ ಹೇಳಿದ್ದರೆ ಬಸಲಿಂಗಮ್ಮ ಅಷ್ಟು ಹೆದರುತ್ತಿರಲಿಲ್ಲ. ಮಳೆ ಬರಬಹುದು ಅನ್ನುವ ಹಾಗೆ ಹೇಳಿದ್ದ. ಇನ್ಸುಲಿನ್ ತಪ್ಪಿಸಿದರೆ ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಕಾಲೂ ಹೋಗುತ್ತದೆ, ಆಮೇಲೆ ಮನುಷ್ಯನೂ ಹೋಗುತ್ತಾನೆ ಎಂದು ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಹಳೆಯ ಮೆಕ್ಯಾನಿಕ್ ಹೊನ್ನೂರಸ್ವಾಮಿ ನೋಡಲು ಬಂದವನು, "ಕೈಲೆ ಎಳಿಯೋ ಕ್ಲಚ್ ಮಾಡಬೌದು ಬಿಡೋ," ಎಂದು ಬಾಯಿಮಾತಿಗೆ ಅಂದ. ಅಷ್ಟೇ ಸಾಕಾಯಿತು. ಪಕ್ಕೀರಪ್ಪ ಗೋಡೆಯಿಂದ ಈಚೆ ತಿರುಗಿದ. ಅವತ್ತು ಎರಡು ರೊಟ್ಟಿ ತಿಂದ, ತಾನಾಗಿ ತೋಳು ಚಾಚಿ ಸೂಜಿ ಚುಚ್ಚಿಸಿಕೊಂಡ. ಜೀಪಿನ ಹ್ಯಾಂಡ್‌ಬ್ರೇಕಿನ ಹಿಡಿ ತಂದು ಸಲಾಕೆಯಿಂದ ಪೆಡಲಿಗೆ ಕೂಡಿಸಿದರು. ನಿಂತ ಗಾಡಿಯಲ್ಲಿ ಅದು ಚೆನ್ನಾಗಿಯೇ ಎಳೆಯಿತು. ಆದರೆ ಎಡಗೈ ಕ್ಲಚ್ಚಿನ ಮೇಲೆ, ಬಲಗೈ ಸ್ಟೇರಿಂಗ್ ಮೇಲೆ ಇದ್ದರೆ ಗೇರು ಹಾಕುವವರು ಯಾರು? "ಮೂರನೇ ಕೈ ಎಲ್ಲಿಂದ ತರ್ಲೋ ಮಾರಾಯ," ಎಂದು ಹೊನ್ನೂರಸ್ವಾಮಿ ತಲೆ ಕೆರೆದುಕೊಂಡ. ಆಗಲೇ ಈ ಡಬ್ಬಿಯ ಮಾತು ಬಂದದ್ದು: ಗೇರಿನ ಹಿಡಿಯ ಮೇಲೆ ಒಂದು ಗುಂಡಿ, ಅದನ್ನು ಒತ್ತಿದರೆ ಡಬ್ಬಿ ತಾನೇ ಪೆಡಲ್ ಎಳೆಯುತ್ತದೆ. ಹೊಸದು ಸಣ್ಣ ಕಾರುಗಳಿಗೆ ಮಾತ್ರ ಸಿಗುತ್ತದೆ, ಅಂಬಾಸಿಡರಿಗೆ ಹೊಂದುವುದನ್ನು ಹುಡುಕಬೇಕು. ಯಾರು ಹುಡುಕಬೇಕು? ಪಕ್ಕೀರಪ್ಪ ಹೆಂಡತಿಯ ಮುಖ ನೋಡಿದ. ಕ್ಲಚ್ ಯಾವುದು ಬ್ರೇಕ್ ಯಾವುದು ತಿಳಿಯದವಳು ಮರುದಿನ ಪೆಡಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೂಲು ಹಿಡಿದು ಅಳತೆ ತೆಗೆದುಕೊಂಡಳು. ಕುಪ್ಪಸಕ್ಕೆ ಅಳತೆ ತೆಗೆಯುವ ಕೈಗೆ ಅದೇನು ದೊಡ್ಡದಾಗಿರಲಿಲ್ಲ.

"ಬಾರವ್ವಾ ಇಲ್ಲೆ," ಎಂದು ಮಾರೇಶ್ ಅಂಗಡಿಯ ಹಿಂದಕ್ಕೆ ಕರೆದ. ತುಕ್ಕುಹಿಡಿದ ಬಾಗಿಲುಗಳ ರಾಶಿಯ ಆಚೆ ಒಂದು ಸಣ್ಣ ಕೆಂಪು ಕಾರು, ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ಕೂತಿತ್ತು. "ಪೋಲಿಯೋ ಆದ ಮೇಷ್ಟ್ರೊಬ್ಬರದು. ಅವರು ತೀರಿಕೊಂಡ ಮ್ಯಾಲ ಮನಿಯೋರು ಹಾಕಿ ಹೋದ್ರು."

ಅವನು ಬಾನೆಟ್ಟಿನೊಳಗೆ ಕೈಹಾಕಿ ಡಬ್ಬಿಯನ್ನು ಬಿಚ್ಚಿ ತಂದ. ತಂಬಿಗೆಯಷ್ಟು ದಪ್ಪ, ಮುಂದೆ ಒಂದು ಸಲಾಕೆ. ಸಲಾಕೆಯನ್ನು ಎಳೆದು ಹಿಡಿದ. ಬಸಲಿಂಗಮ್ಮ ನೂಲು ಇಟ್ಟಳು. ಗಂಟಿಗೆ ಗಂಟು ಕೂತಿತು. ನಂಬಿಕೆಯಾಗದೆ ಇನ್ನೊಮ್ಮೆ ಇಟ್ಟಳು. ಅಯ್ಯೋ ಶಿವನೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಹೋದ ಜೀವ ಬಂದ ಹಾಗಾಗಿ ಅವಳು ಅಲ್ಲೇ ಕೆಂಪು ಕಾರಿಗೆ ಕೈಮುಗಿದಳು. ಮಾರೇಶ್ ನಗಲಿಲ್ಲ.

ಬಸ್ಸಿನಲ್ಲಿ ಡಬ್ಬಿಯನ್ನು ಸೀಟಿನ ಕೆಳಗಿಡಲು ಮನಸ್ಸಾಗಲಿಲ್ಲ. "ಏನ್ರಿ ಅದು, ಕೂಸು ಎತ್ತಿಕೊಂಡಂಗ ಎತ್ತಿಕೊಂಡೀರಿ?" ಎಂದ ಕಂಡಕ್ಟರ್. "ಕೂಸಂತನ ತಿಳ್ಕೋಪ್ಪ," ಎಂದು ಅವಳು ಕೊಟ್ಟೂರಿನವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಸೀರೆಯ ತುಂಬ ಎಣ್ಣೆಯ ಕಲೆ.

ಮರುದಿನ ಹೊನ್ನೂರಸ್ವಾಮಿ ಹೊತ್ತೇರುವ ಮೊದಲೇ ಬಂದು ಗಾಡಿಯ ಕೆಳಗೆ ನುಸುಳಿದ. ಮನೆಯ ಮುಂದೆ ಖಾಲಿ ಲೇಔಟು. ರಸ್ತೆ ಹಾಕಿ ನಂಬರಿನ ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ಪಕ್ಕೀರಪ್ಪ ಹೊಸಲಲ್ಲಿ ಕೂತು, "ಆ ಬೋಲ್ಟು ಬ್ಯಾಡಲೇ, ಇನ್ನೊಂದು ಹಾಕು," ಎಂದು ಕೂಗುತ್ತಿದ್ದ. ಎಷ್ಟೋ ತಿಂಗಳ ಮೇಲೆ ಆ ಗಂಟಲು ಕೇಳಿ ಬಸಲಿಂಗಮ್ಮನಿಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಎರಡು ಸಲ ಹೊರಗೆ ಬಂದು ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿತು. ಹೊನ್ನೂರಸ್ವಾಮಿ ಗೆಳೆಯನನ್ನು ಎತ್ತಿ ಸ್ಟೇರಿಂಗ್ ಮುಂದೆ ಕೂರಿಸಿದ. ಪಕ್ಕೀರಪ್ಪ ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿ, ತಡವರಿಸಿ, ಹಿಡಿದುಕೊಂಡಿತು. ಗೇರಿನ ಹಿಡಿಯ ಮೇಲಿನ ಗುಂಡಿ ಒತ್ತಿದ. ಡಬ್ಬಿ ಉಸ್ಸೆಂದು ಪೆಡಲನ್ನು ಎಳೆಯಿತು. ಅರ್ಧದವರೆಗೆ ಎಳೆಯಿತು, ಅಲ್ಲಿಗೆ ನಿಂತಿತು. ಅವನು ಗೇರು ಹಾಕಲು ಹೋದರೆ ಕರಕರನೆ ಸದ್ದಾಗಿ ಗಾಡಿಯೆಲ್ಲ ನಡುಗಿತು. ಮತ್ತೆ ಒತ್ತಿದ, ಮತ್ತೆ ಅರ್ಧಕ್ಕೇ ನಿಂತಿತು. ಹೊನ್ನೂರಸ್ವಾಮಿ ಪೈಪು ಬದಲಿಸಿದ, ಕ್ಲಿಪ್ಪು ಬಿಗಿ ಮಾಡಿದ, ಗಾಡಿಯ ಕೆಳಗೆ ಹೋಗಿ ಬಂದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಎದ್ದುನಿಂತ.

"ಅಳತಿ ಕೂತೈತಕ್ಕ. ಬಲ ಕೂತಿಲ್ಲ," ಎಂದ ಬಸಲಿಂಗಮ್ಮನಿಗೆ. "ಇದು ಸಣ್ಣ ಗಾಡಿ ಡಬ್ಬಿ. ಅದರ ಕ್ಲಚ್ಚು ಬೆಣ್ಣಿ ಇದ್ದಂಗ. ಇದರ ಸ್ಪ್ರಿಂಗು ಭಾಳ ಗಟ್ಟಿ. ಇದನ್ನ ಎಳಿಯೋಷ್ಟು ಜೀವ ಅದಕ್ಕಿಲ್ಲ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರೂರು ತಿರುಗಿ ಉದ್ದ ಅಳೆದಿದ್ದಳು. ಅದು ಎಷ್ಟು ಭಾರ ಎಳೆಯುತ್ತದೆ ಎಂದು ಒಂದು ಕಡೆಯೂ ಕೇಳಿರಲಿಲ್ಲ. ನೂಲಿಗೆ ಭಾರ ತಿಳಿಯುವುದಿಲ್ಲ ಎಂಬುದು ಇಷ್ಟು ವಯಸ್ಸಾದವಳಿಗೆ ಹೊಳೆಯಬಾರದಿತ್ತೇ?

"ತಪ್ಪು ನಂದೈತಿ," ಎಂದಳು.

"ಯಾರದೂ ಅಲ್ಲಬಿಡಕ್ಕ," ಎಂದು ಹೊನ್ನೂರಸ್ವಾಮಿ ಸಾಮಾನು ಕಟ್ಟಿಕೊಂಡ. ಗೆಳೆಯನನ್ನು ಇಳಿಸಲು ಬಾಗಿಲು ತೆಗೆದ. ಪಕ್ಕೀರಪ್ಪ, "ನೀ ಹೋಗು," ಎಂದ. ಹೊನ್ನೂರಸ್ವಾಮಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬೈಕು ಹತ್ತಿ ಹೋದ.

ಬಸಲಿಂಗಮ್ಮ ಗಾಡಿಯ ಹತ್ತಿರ ಬಂದಳು. ಎಂಜಿನ್ನು ಇನ್ನೂ ಓಡುತ್ತಿತ್ತು.

"ಆ ಬೊಮ್ಮನಹಳ್ಳಿ ಗುಜರಿಯವನ ನಂಬರ್ ಐತೇನು?" ಎಂದ ಪಕ್ಕೀರಪ್ಪ. "ಬಂದು ಒಯ್ಯಾಕ ಹೇಳು."

"ಏನನ್ನ?"

"ಗಾಡಿನ. ಸಾಕು ಬಿಡು ಇನ್ನ. ಸೂಜಿ ಗೀಜಿ ಎಲ್ಲಾ ಸಾಕು."

ಮತ್ತೆ ಅದೇ ದನಿ, ಮಳೆ ಬರಬಹುದು ಅನ್ನುವ ದನಿ. ಅವಳು ಗಾಡಿಯನ್ನು ಸುತ್ತಿ ಹೋಗಿ ಮುಂದಿನ ಬಾಗಿಲು ತೆಗೆದು ಒಳಗೆ ಕೂತಳು. ಮೂವತ್ತೊಂದು ವರ್ಷದಲ್ಲಿ ಅವಳು ಮುಂದೆ ಕೂತದ್ದಿಲ್ಲ. ಮುಂದಿನದು ಬಾಡಿಗೆಗೆ ಬಂದ ಯಜಮಾನರ ಜಾಗ. ಹೆಂಡತಿಯೇನಿದ್ದರೂ ಹಿಂದೆ, ಅದೂ ಖಾಲಿ ಇದ್ದಾಗ. ಮಂಚದ ಹಾಗೆ ಒಂದೇ ಉದ್ದನೆಯ ಸೀಟು. ಸರಿಯುತ್ತ ಸರಿಯುತ್ತ ಹೋಗಿ ಗಂಡನ ತೋಳಿಗೆ ತೋಳು ತಾಗಿಸಿ ಕೂತಳು. ಅಳತೆ ತೆಗೆದಾಗಿನಿಂದ ಅವಳಿಗೆ ಗೊತ್ತು, ಮೂರರಲ್ಲಿ ಎಡಗಡೆಯದೇ ಕ್ಲಚ್ಚು. ಸೀರೆಯ ನಿರಿಗೆ ಎತ್ತಿ ಹಿಡಿದು ಬಲಗಾಲನ್ನು ಅದರ ಮೇಲಿಟ್ಟಳು.

"ಏನ್ ಮಾಡಾಕತ್ತಿ?"

"ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಹೇಳ್ರಿ."

"ತಲಿ ಕೆಟ್ಟೈತೇನು ನಿನಗ? ನಿನ್ನ ಕಾಲ್ಲೆ ನಾ ಗಾಡಿ ಓಡಿಸ್ಲಾ? ಮಂದಿ ನೋಡಿದ್ರ ಉಗುಳ್ತಾರ."

"ಉಗುಳ್ಲಿ!" ಎಂದಳು ಬಸಲಿಂಗಮ್ಮ. ಇಷ್ಟು ಜೋರಾಗಿ ಅವನ ಮುಂದೆ ಮಾತಾಡಿದ್ದು ಅವಳಿಗೇ ನೆನಪಿಲ್ಲ. "ಎಂಟು ತಿಂಗಳಾತು, ನೀವು ಗ್ವಾಡಿ ನೋಡಿಕೊಂತ ಮಲಗೀರಿ. ನಾನು ನಿಮ್ಮ ಬೆನ್ನಿನ ಜೋಡಿ ಸಂಸಾರ ಮಾಡಾಕತ್ತೀನಿ. ಗಾಡಿ ಹೋದ್ರ ಹೋಗ್ಲಿ, ನನಗೇನು ಅದರ ಮ್ಯಾಲ ಪ್ರೀತಿ ಐತೇನು? ನೀವು ಇರಬೇಕು ನನಗ. ತಿಳೀತಾ? ನೀವು ಇರಬೇಕು."

ಅವನು ಎದುರಿನ ಗಾಜನ್ನೇ ನೋಡುತ್ತಿದ್ದ.

"ದೊಡ್ಡ ರಸ್ತೆಗೆ ಹೋಗಾಕ ಆಗಂಗಿಲ್ಲ ಹಿಂಗ," ಎಂದ.

"ದೊಡ್ಡ ರಸ್ತಿ ಯಾರು ಕೇಳ್ಯಾರ? ಈ ಲೇಔಟ್‌ನಾಗ ಒಂದು ಸುತ್ತು."

"ಒತ್ತು ಹಂಗಾರ. ನೆಲ ಮುಟ್ಟೋ ತನಕ."

ಒತ್ತಿದಳು. ಅಬ್ಬಾ, ಎಂಥ ಬಿಗಿ! ಡಬ್ಬಿ ಸೋತದ್ದು ಸುಳ್ಳಲ್ಲ. ಪೆಡಲಿನ ರಬ್ಬರು ಎಂದೋ ಸವೆದುಹೋಗಿ ಬರೀ ಕಬ್ಬಿಣ ಉಳಿದಿತ್ತು. ಅವಳ ಕಾಲ್ಬೆರಳಿನ ಬೆಳ್ಳಿಯ ಉಂಗುರ ಅದರ ಮೇಲೆ ಸರ್ರನೆ ಜಾರಿತು. ಪೆಡಲು ಮೇಲೆ ಹಾರಿತು, ಗೇರು ಕರಕರ ಎಂದಿತು. ಎರಡನೆಯ ಸಲ ಉಂಗುರ ಪೆಡಲಿನ ಅಂಚಿಗೆ ಸಿಕ್ಕಿಕೊಂಡು ಬೆರಳು ಕೊಯ್ದು ರಕ್ತ ಬಂತು. ಅವಳು ಕಾಲನ್ನು ಮತ್ತೆ ಅಲ್ಲೇ ಇಟ್ಟಳು.

"ಉಂಗುರ ತೆಗಿ," ಎಂದ ಪಕ್ಕೀರಪ್ಪ.

ಅಂದಾದ ಮೇಲೆ ತಾನು ಏನಂದೆನೆಂದು ಅವನಿಗೇ ಹೊಳೆಯಿತು. ಗಂಡನಿರುವ ಹೆಂಗಸು ಕಾಲುಂಗುರ ತೆಗೆಯುವುದಿಲ್ಲ. ತೆಗೆಯುವ ದಿನ ಒಂದೇ, ಅವತ್ತು ಅದನ್ನು ಬೇರೆಯವರು ತೆಗೆಯುತ್ತಾರೆ. ದಾವಣಗೆರೆಯಲ್ಲಿ ಅವನನ್ನು ಒಳಗೆ ಒಯ್ದಾಗ ಐದು ತಾಸು ಅವಳು ಆಸ್ಪತ್ರೆಯ ನೆಲದ ಮೇಲೆ ಕೂತು ಆ ಬೆರಳುಗಳನ್ನೇ ಹಿಡಿದುಕೊಂಡಿದ್ದಳು.

"ತೆಗೀಲಾ?" ಎಂದು ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. "ನೀವು ಹೇಳಿದ್ರ ತೆಗೀತೀನಿ."

ಪಕ್ಕೀರಪ್ಪನ ಮಡಿಲ ಮೇಲೆ, ಅರ್ಧಕ್ಕೆ ನಿಂತ ತೊಡೆಯನ್ನು ಮುಚ್ಚಿ ಒಂದು ಟವೆಲ್ಲು ಇರುತ್ತಿತ್ತು. ಎಂಟು ತಿಂಗಳಿಂದ ಅದನ್ನು ತಾನಾಗಿ ಯಾರ ಎದುರಿಗೂ ಸರಿಸಿದವನಲ್ಲ. ಅವಳು ಗಾಯ ತೊಳೆಯುವಾಗಲೂ ಬಾಗಿಲು ಹಾಕಿಸಿ, ಮುಖ ತಿರುಗಿಸಿಕೊಳ್ಳುತ್ತಿದ್ದ. ಈಗ ಹಾಡುಹಗಲಲ್ಲಿ ಅದನ್ನು ಎಳೆದು ತೆಗೆದ. ಹಲ್ಲಿನಿಂದ ಅಂಚು ಕಚ್ಚಿ ಉದ್ದಕ್ಕೆ ಸೀಳಿದ.

"ಕಾಲು ಕೊಡು ಇಲ್ಲೆ."

ಅವಳು ಹಿಂಜರಿದಳು. ಅವನೇ ಬಗ್ಗಿ ಅವಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ, ಆ ಮೊಂಡು ತೊಡೆಯ ಮೇಲೆ ಇಟ್ಟುಕೊಂಡ. ರಕ್ತ ಒರೆಸಿದ. ಉಂಗುರಗಳನ್ನು ಒಳಗೇ ಬಿಟ್ಟು ಬೆರಳುಗಳನ್ನೆಲ್ಲ ಸೇರಿಸಿ ಸುತ್ತಿದ, ಸುತ್ತಿ ಹಿಮ್ಮಡಿಯ ಹತ್ತಿರ ಬಿಗಿಯಾಗಿ ಗಂಟು ಹಾಕಿದ. ಬಿಸಿಲು ಗಾಜಿನೊಳಗಿಂದ ಅವನ ತೊಡೆಯ ಹೊಲಿಗೆಯ ಕಲೆಯ ಮೇಲೆ ಬಿದ್ದಿತ್ತು. ಅವಳು ಅದನ್ನು ನೋಡಿದಳು, ಅವನು ಮುಖ ತಿರುಗಿಸಲಿಲ್ಲ.

"ಈಗ ಒತ್ತು," ಎಂದ.

ಬಸಲಿಂಗಮ್ಮ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಅವನು ಹಿಡಿ ಎಳೆದ, ಗೇರು ಸದ್ದಿಲ್ಲದೆ ಬಿತ್ತು.