ಹುಬ್ಬಿನ ಮೇಲಿನ ಕಲೆ

ಜಾಹೀರಾತು ಕಂಪನಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಫೋಟೊದಲ್ಲಿ ಎಂಥ ಸುಕ್ಕಿದ್ದರೂ ಅವಳ ಕೈಗೆ ಸಿಕ್ಕಿದರೆ ಮುಗಿಯಿತು. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ಹೇಳಹೆಸರಿಲ್ಲದಂತೆ ಮಾಯ. ಸೋಪಿನವರು, ಕ್ರೀಮಿನವರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಆ ವರ್ಷ ಕಂಪನಿಗೆ ಸಮಾಜಸೇವೆಯ ಹುಕಿ ಹತ್ತಿತು. ಕಾಣೆಯಾದ ಮಕ್ಕಳ ಫೋಟೊಗಳನ್ನು ಊರ ತುಂಬ ದೊಡ್ಡ ಬೋರ್ಡುಗಳಲ್ಲಿ ಪುಕ್ಕಟೆಯಾಗಿ ಹಾಕುವುದು. ಮೂಲೆಯಲ್ಲಿ ಕಂಪನಿಯ ಹೆಸರು ಮಾತ್ರ ಸ್ವಲ್ಪ ಎದ್ದು ಕಾಣಬೇಕು, ಅಷ್ಟೇ. ಮೊದಲನೆಯದು ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಪುಟ್ಟ ಮಗಳ ಮಸುಕು ಫೋಟೊ. ಇಸ್ತ್ರಿ ಬೆಳಕು ಏರಿಸಿದಳು, ಕೆನ್ನೆ ನಯ ಮಾಡಿದಳು, ಗಲ್ಲದ ಕೆಳಗಿನ ನೆರಳು ತೆಗೆದಳು, ಎಡಹುಬ್ಬನ್ನು ಸೀಳಿದ್ದ ಗಾಯದ ಕಲೆಯನ್ನೂ ಅಳಿಸಿದಳು. ಯೋಚಿಸಿ ಮಾಡಿದ್ದಲ್ಲ, ಕೈ ತನ್ನಷ್ಟಕ್ಕೆ ಮಾಡಿತು. ಹೆತ್ತವಳಿಗೊಮ್ಮೆ ತೋರಿಸಬೇಕೆಂದು ಅಷ್ಟು ದೊಡ್ಡ ಆಫೀಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬೋರ್ಡು ಏರಿದ ಬೆಳಿಗ್ಗೆಯೇ ತಾಯಿ ಏದುಸಿರು ಬಿಡುತ್ತಾ ಬಂದಳು.

“ಕಲೆ ಎಲ್ಲಿ? ಅವಳನ್ನ ಗುರುತು ಹಿಡಿಯೋದೇ ಅದ್ರಿಂದ ಅಲ್ವಾ?”

ಇಸ್ತ್ರಿ ಮೂಲ ಫೋಟೊ ತೆರೆದು ನೋಡಿದಳು. “ತಪ್ಪಾಯ್ತಮ್ಮ, ಇವತ್ತೇ ಸರಿ ಮಾಡ್ತೀನಿ” ಎನ್ನುತ್ತಿರುವಾಗಲೇ ಕಂಪನಿಯ ಸಾಹೇಬರ ಫೋನು ಬಡಿದುಕೊಂಡಿತು. ಮಗು ಸಿಕ್ಕಿತ್ತು!

ಸ್ವಲ್ಪ ಹೊತ್ತಿಗೆ ಪೊಲೀಸಿನವಳು ಕೈಹಿಡಿದು ಕರೆತಂದ ಹುಡುಗಿಯನ್ನು ಇಸ್ತ್ರಿ ಬಗ್ಗಿ ನೋಡಿದಳು. ಬೋರ್ಡಿನ ಮುಖವೇ. ಹುಬ್ಬು ನುಣ್ಣಗಿತ್ತು. ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೂ ಗಲ್ಲದ ಕೆಳಗೆ ನೆರಳಿರಲಿಲ್ಲ.

“ನೂರಕ್ಕೆ ನೂರು ಅದೇ ಮುಖ!” ಸಾಹೇಬರು ಹಿಗ್ಗಿ ಹೀರೆಕಾಯಿಯಾದರು. “ಕ್ಯಾಮೆರಾ ತನ್ನಿ. ಬೋರ್ಡೆಲ್ಲ ಇಳಿಸಿ, ‘ಮಗಳು ಸಿಕ್ಕಳು’ ಅಂತ ಹಾಕಿಸಿ.”

ತಾಯಿ ಹೆಬ್ಬೆರಳಿನಿಂದ ಹುಡುಗಿಯ ಹುಬ್ಬು ಸವರಿ, ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡಳು. “ಇವಳು ನನ್ನ ಮಗಳಲ್ಲ. ಬೋರ್ಡು ಇಳಿಸಿಬಿಟ್ರೆ ನನ್ನ ಮಗಳನ್ನ ಯಾರು ಹುಡುಕ್ತಾರೆ?”

“ಪಾಪ, ಗಾಬರೀಲಿ ಏನೋ ಮಾತಾಡ್ತಿದ್ದಾಳೆ” ಎಂದ ಸಾಹೇಬರು ಇಸ್ತ್ರಿಯತ್ತ ಕಣ್ಣು ಕೆಕ್ಕರಿಸಿದರು. ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರವೆಂದು ಅವಳಿಗೆ ಗೊತ್ತಿತ್ತು. ಭಯವೂ ಆಯಿತು. ಆದರೆ ಆ ತಾಯಿಯ ಮುಖ ನೋಡಿಕೊಂಡು ಸುಮ್ಮನಿರಲು ಅವಳಿಂದಾಗಲಿಲ್ಲ.

“ಇದು ಅವರ ಮಗಳ ಮುಖ ಅಲ್ಲ. ನಾನು ಮಾಡಿದ ಮುಖ” ಎಂದಳು. “ಹುಡುಕೋದು ನಿಲ್ಲಿಸಬೇಡಿ.”

ಪೊಲೀಸಿನವಳು ತಾಯಿಯನ್ನೂ ಇಸ್ತ್ರಿಯನ್ನೂ ದಿಟ್ಟಿಸಿ ನೋಡಿದಳು. ಬೋರ್ಡು ಇಳಿಸಕೂಡದು, ಕಲೆಯಿರುವ ಫೋಟೊವನ್ನೇ ಹಾಕಬೇಕು ಎಂದು ಸಾಹೇಬರಿಗೆ ಖಡಾಖಂಡಿತವಾಗಿ ಹೇಳಿದಳು. ತಾಯಿ ಕುರ್ಚಿಯಲ್ಲಿ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದ ಹುಡುಗಿ ಪೊಲೀಸಿನವಳ ಕೈ ಬಿಡಿಸಿಕೊಂಡು, ನೇರ ಇಸ್ತ್ರಿಯ ಬಳಿ ಬಂದು ಅವಳ ಬೆರಳು ಹಿಡಿದುಕೊಂಡಳು. ಆ ಪುಟ್ಟ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ.

“ಹಾಗಾದ್ರೆ ನಮ್ಮನೆಗೆ ಹೋಗೋಣ್ವಾ, ಅಮ್ಮಾ?”