ರಾಮಕ್ಕನನ್ನು ಹೆದರಿಸಿದ ಮಾತು

ಹೊಸೂರಿನ ಆಸ್ಪತ್ರೆಯಲ್ಲಿ ಒಂದು ಬಾಗಿಲ ಮೇಲೆ ಕೆಂಪಗೆ ಬರೆದದ್ದನ್ನು ರಾಮಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೆ ನರ್ಸಮ್ಮ ಸ್ಟ್ರೆಚರನ್ನು ಅತ್ತ ತಿರುಗಿಸಿ, “ಎಮರ್ಜೆನ್ಸಿ, ದಾರಿ ಬಿಡಿ” ಎಂದು ಕೂಗಿದ ಮಾತು ಅವಳಿಗೆ ಗೊತ್ತಿತ್ತು. ಆರು ವರ್ಷದ ಕೆಳಗೆ ಆನೆಯ ಕಾಲ್ತುಳಿತಕ್ಕೆ ಸಿಕ್ಕ ಗಂಡ ತಿಮ್ಮರಾಯಪ್ಪನನ್ನು ಇದೇ ಮಾತು ಕೂಗುತ್ತಾ ಒಳಗೆ ಒಯ್ದಿದ್ದರು. ಅವನು ಮತ್ತೆ ಕಣ್ಣು ಬಿಡಲಿಲ್ಲ. ಆ ಮಾತಿಗೆ ಸಾವು ಎಂದೇ ಅರ್ಥವೆಂದು ಅವಳು ಅಂದೇ ತಿಳಿದುಕೊಂಡಿದ್ದಳು.

ಈಗ ಸ್ಟ್ರೆಚರ್ ಮೇಲಿದ್ದವಳು ಸೊಸೆ ಭಾನು. ಡೆಂಕಣಿಕೋಟೆಯಿಂದ ಬರೀ ತಪಾಸಣೆಗೆಂದು ಬಸ್ಸು ಹತ್ತಿ ಬಂದಿದ್ದರು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಬಸ್ಸಿಳಿಯುವಾಗಲೇ ನೀರು ಹೋಗಿಬಿಟ್ಟಿತ್ತು.

ರಾಮಕ್ಕ ಸ್ಟ್ರೆಚರಿನ ಕಂಬಿ ಹಿಡಿದು ನಿಂತಳು. “ಅಲ್ಲಿಗೆ ಬ್ಯಾಡ ಕಣಮ್ಮ. ಬ್ಯಾರೆ ಕಡೆ ಕರ್ಕೊಂಡೋಗು.”

“ಟೈಮಿಲ್ಲಮ್ಮ, ಕೈ ಬಿಡಿ,” ಎಂದಳು ನರ್ಸು.

ಭಾನು ಊರ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಅತ್ತೆಯ ಭಯ ಅವಳಿಗೆ ಗೊತ್ತಿತ್ತು. ಆ ಕೈ ಮೇಲೆ ತನ್ನ ಕೈಯಿಟ್ಟಳು.

“ಅತ್ತೆ, ಅದು ಸಾಯೋ ಮಾತಲ್ಲ.”

“ಮತ್ತೇನವ್ವ?”

“ಮುಳುಗಿದ್ದು ನೀರಾಗಿಂದ ಮ್ಯಾಕೆ ಬರೋದು. ಎಮರ್ಜ್ ಅನ್ನೋದ್ಕೆ ಮೊದ್ಲು ಅಷ್ಟೇ ಅರ್ಥ ಇದ್ದಿದ್ದು. ಕಾಣ್ದೆ ಇದ್ದಿದ್ದು ತಟಕ್ಕನೆ ಎದುರಿಗೆ ಬತ್ತದಲ್ಲ, ಅದುಕ್ಕೇ ಆಮ್ಯಾಕೆ ಕಷ್ಟ ಬಂದ್ರೂ ಹಂಗೇ ಅಂದ್ರು…” ನೋವು ಬಂತು. ಹಲ್ಲು ಕಚ್ಚಿ, ಅದು ಇಳಿಯುವವರೆಗೆ ಕಾದು ಮತ್ತೆ ಹೇಳಿದಳು, “ನಮ್ ಮಗೂನೂ ನೀರಾಗಿಂದ್ಲೇ ಬತ್ತೈತೆ ಅತ್ತೆ. ಬಿಡಿ, ಹೋಗ್ಬತ್ತೀನಿ.”

ಇಂಥ ನೋವಿನಲ್ಲೂ ಪಾಠ ಹೇಳುತ್ತಾಳಲ್ಲ ಎಂದು ರಾಮಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೊಸೆಯ ಹಣೆಯ ಬೆವರು ಒರೆಸಿ, “ಹೋಗ್ಬಾ ನಮ್ಮವ್ವ,” ಎಂದು ಕಂಬಿ ಬಿಟ್ಟಳು.

ಮಗ ರಾಮಮೂರ್ತಿ ಫ್ಯಾಕ್ಟರಿಯ ಬಟ್ಟೆಯಲ್ಲೇ ಓಡಿಬಂದ. “ಅವ್ವಾ, ಫೋನ್‌ನಾಗೆ ಎಮರ್ಜೆನ್ಸಿ ಅಂದ್ರು…” ಎಂದು ಬಾಗಿಲತ್ತ ನುಗ್ಗಿದ.

“ಕೂತ್ಕೊಳ್ಲಾ. ನೀರಾಗಿಂದ ಮ್ಯಾಕೆ ಬರೋದಂತೆ, ನಿನ್ ಹೆಂಡ್ರೇ ಹೇಳವ್ಳೆ,” ಎಂದಳು ರಾಮಕ್ಕ. ಅದನ್ನು ತಾನು ಪೂರ್ತಿ ನಂಬಿದ್ದಳೋ ಇಲ್ಲವೋ, ಮಗನ ಬೆನ್ನು ಸವರುವ ಕೈ ಮಾತ್ರ ನಿಲ್ಲಿಸಲಿಲ್ಲ.

ಮಧ್ಯಾಹ್ನ ಎರಡಕ್ಕೆ ನರ್ಸು ಹೊರಗೆ ಬಂದಳು. “ಹೆಣ್ಮಗು. ತಾಯೀನೂ ಚೆನ್ನಾಗವ್ರೆ. ಸುತ್ತೋಕೆ ಮೆತ್ತನೆ ಬಟ್ಟೆ ತಂದಿದ್ದೀರಾ?”

ಏನೂ ತಂದಿರಲಿಲ್ಲ. ರಾಮಕ್ಕ ತಾನುಟ್ಟ ಹಳೇ ನೂಲಿನ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು.

“ತಕ್ಕೊಳ್ಳಮ್ಮ,” ಎಂದಳು. “ಬೆಳಿಗ್ಗೇನೆ ಒಗ್ದು ಉಟ್ಟಿದ್ದೀನಿ.”